ಸಂಚಾರದಲ್ಲಿ ಆಚಾರ

ಆಚಾರವು ಮನುಷ್ಯನಿಗೆ ಸೇರಿದುದೋ, ಅವನು ನಿಂತ ನೆಲಕ್ಕೆ ಸೇರಿದುದೋ? ಮನುಷ್ಯನಿಗೆ ಸೇರಿದುದೆಂದು ಎಲ್ಲರೂ ಒಡನೆಯೇ ಉತ್ತರಿಸುವರು. ಆದರೆ ಒಬ್ಬನೇ ವ್ಯಕ್ತಿಯು ಒಂದು ಊರಿನ ಬಂಡಿಯಲ್ಲಿ ಸಜ್ಜನನಾಗಿಯೂ ಮತ್ತೊಂದು ಊರಿನ ಬಂಡಿಯಲ್ಲಿ ಬೇರೆಯವನಾಗಿಯೂ ನಡೆದುಕೊಂಡಾಗ ಆ ಉತ್ತರವು ಅಲುಗಾಡತೊಡಗುವುದು.

ಬೋರನಕಣಿವೆಯ ಕೆಳಗಣ ತೆಂಗಿನ ಸೀಮೆಯ ತರುಣನೊಬ್ಬನು ಉದ್ಯೋಗಾರ್ಥವಾಗಿ ಸಿಂಗಪುರಕ್ಕೆ ಹೋದನೆಂದು ಭಾವಿಸಬಹುದು. ಅಲ್ಲಿ ಸ್ವಂತ ಕಾರನ್ನು ಇಟ್ಟುಕೊಳ್ಳುವುದು ಸಿರಿವಂತರಿಗೂ ಭಾರವೇ. 1990ರಿಂದ ವಾಹನಗಳ ಸಂಖ್ಯೆಗೆ ಸರ್ಕಾರವೇ ಮಿತಿ ಹಾಕಿದ್ದು, ಕಾರು ಕೊಳ್ಳುವುದಕ್ಕೆ ಮೊದಲು ಅದನ್ನು ಕೊಳ್ಳುವ ಹಕ್ಕನ್ನೇ ಹರಾಜಿನಲ್ಲಿ ಪಡೆಯಬೇಕು. ಆದುದರಿಂದ ಅಧಿಕಾರಿಯೂ ಕೂಲಿಕಾರನೂ 1987ರಲ್ಲಿ ಆರಂಭವಾದ ನಗರರೈಲಿನಲ್ಲಿಯೋ ಬಸ್ಸಿನಲ್ಲಿಯೋ ಜೊತೆಯಾಗಿ ಸಂಚರಿಸುವರು. ಏರುವಾಗಲೊಮ್ಮೆ ಇಳಿಯುವಾಗಲೊಮ್ಮೆ ಕಾರ್ಡನ್ನು ಯಂತ್ರಕ್ಕೆ ತೋರಿಸಿದರೆ ಹೋದ ದೂರಕ್ಕೆ ತಕ್ಕ ದರವು ಕಳೆಯುವುದು; ಬಸ್ಸಿನಲ್ಲಿ ಕಂಡಕ್ಟರನಿಲ್ಲ. ರೈಲಿನಲ್ಲಿ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ತಪ್ಪಿದರೆ 500 ಡಾಲರುಗಳವರೆಗೆ ದಂಡವುಂಟು. ಫಲಕಗಳ ಮೇಲೆ ಇಂಗ್ಲಿಷು, ಚೀನೀ, ಮಲಯ, ತಮಿಳು ಭಾಷೆಗಳಿವೆ, ಕನ್ನಡವಿಲ್ಲ. ತರುಣನು ಮೊದಲ ದಿನಗಳಲ್ಲಿ ದಾರಿ ಕೇಳುತ್ತ, ಪರರ ಸೌಜನ್ಯವನ್ನು ಆಶ್ರಯಿಸುತ್ತ ಸಂಚರಿಸುವನು. ಕೆಲವೇ ವಾರಗಳಲ್ಲಿ ಸಾಲಿನಲ್ಲಿ ನಿಲ್ಲುವುದನ್ನೂ ಇಳಿಯುವವರಿಗೆ ಮೊದಲು ದಾರಿ ಬಿಡುವುದನ್ನೂ ಕಲಿಯುವನು. ರಜೆಗೆ ಬಂದ ಅವನೇ ತಿಪಟೂರಿನ ಬಸ್ ನಿಲ್ದಾಣದಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು ಹಾಕಿ ಸೀಟು ಹಿಡಿಯುವನು.

ದಂಡದ ಭಯವಿದ್ದಲ್ಲಿ ಶಿಸ್ತು, ಭಯವಿಲ್ಲದಲ್ಲಿ ಸ್ವೇಚ್ಛೆ ಎಂದು ಇದಕ್ಕೆ ಕಾರಣ ಹೇಳುವುದುಂಟು. ಈ ಮಾತಿನಲ್ಲಿ ಸತ್ಯಾಂಶವಿದೆ. ಭಯದಿಂದ ಹುಟ್ಟಿದ ನಡತೆಯನ್ನು ಶರಣರು ಆಚಾರವೆಂದು ಒಪ್ಪಲಿಲ್ಲ. ಹೊರಗಣ ಶುದ್ಧಿಯು ಒಳಗಣ ಶುದ್ಧಿಯ ಕುರುಹಾಗಬೇಕು. ಕಾವಲುಗಾರನು ಮರೆಯಾದೊಡನೆ ಕರಗುವ ಗುಣವು ಗುಣವಲ್ಲ.

ಆದರೂ ಅಷ್ಟರಿಂದಲೇ ವಿಚಾರವು ಮುಗಿಯಲಾರದು. ಸಿಂಗಪುರದಲ್ಲಿ ಒಂದು ರೈಲು ತಪ್ಪಿದರೆ ಕೆಲವೇ ನಿಮಿಷಗಳಲ್ಲಿ ಮತ್ತೊಂದು ಬರುವುದು, ಕಾಯುವವನಿಗೆ ನಷ್ಟವಿಲ್ಲ. ಹುಳಿಯಾರಿನಿಂದ ಒಳಗಣ ಹಳ್ಳಿಗೆ ಹೊರಡುವ ಕಡೆಯ ಬಸ್ಸು ತಪ್ಪಿದರೆ ಮುದುಕಿಯೊಬ್ಬಳು ರಾತ್ರಿಯನ್ನು ನಿಲ್ದಾಣದಲ್ಲಿಯೇ ಕಳೆಯಬೇಕಾದೀತು. ಅವಳು ನುಗ್ಗಿದಳೆಂದು ನಿಂದಿಸುವವನು ಅವಳ ಕಷ್ಟವನ್ನು ಅರಿತವನಲ್ಲ. ರೈಲಿನ ಮುಂದೆ ಶಾಂತವಾಗಿ ನಿಲ್ಲುವ ಸಿಂಗಪುರದ ಜನರೇ ಮಧ್ಯಾಹ್ನದ ಊಟದ ನೂಕುನುಗ್ಗಲಿನಲ್ಲಿ ಕಾಗದದ ಕರವಸ್ತ್ರದ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಜಾಗ ಹಿಡಿಯುವ ವಾಡಿಕೆಯುಂಟು. ಆ ಪೊಟ್ಟಣವೂ ಈ ಟವೆಲ್ಲೂ ಒಂದೇ ಕುಲದವು. ಕೊರತೆಯು ಎಲ್ಲಿದ್ದರೂ ಮನುಷ್ಯನ ಕೈ ಮುಂದೆ ಚಾಚುವುದು. ಆದುದರಿಂದ ಸಾಕಷ್ಟು ಬಸ್ಸುಗಳನ್ನು ಒದಗಿಸುವುದೂ ಸಮಾಜವು ಸಲ್ಲಿಸಬೇಕಾದ ದಾಸೋಹವೇ ಆಗಿದೆ.

ಹಾಗಾದರೆ ವ್ಯಕ್ತಿಯ ಹೊಣೆ ಯಾವುದು? ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯು ಇದಕ್ಕೆ ಉತ್ತರ ಕೊಡುವುದು. ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅವಳು ಹೆಚ್ಚಾದುದನ್ನು ಹಿಂದಿರುಗಿಸಿದಳು. ಆ ದಂಪತಿಗಳು ಬಡವರು; ಕೊರತೆಯೆಂಬುದನ್ನು ಬಲ್ಲವರು. ಆದರೂ ಅಗತ್ಯವೆಲ್ಲಿ ಮುಗಿದು ಆಸೆಯೆಲ್ಲಿ ಮೊದಲಾಗುವುದೆಂಬ ಗೆರೆ ಅವಳಿಗೆ ಕಾಣುತ್ತಿತ್ತು. ಕಡೆಯ ಬಸ್ಸನ್ನು ಹೇಗಾದರೂ ಏರುವುದು ಮುದುಕಿಯ ಅಗತ್ಯ; ಒಬ್ಬನೇ ಬಂದು ಮೂವರ ಸೀಟಿಗೆ ಟವೆಲ್ಲು ಹಾಕುವುದು ಆಸೆ. ಎರಡೂ ಹೊರಗೆ ಒಂದೇ ಬಗೆಯ ನುಗ್ಗಾಟವಾಗಿ ಕಂಡರೂ ಒಳಗೆ ಒಂದಲ್ಲ.

ಶುಲ್ಕದ ಅಹಂಕಾರವು ಇನ್ನೊಂದು ಬಗೆಯದು. ಕರ್ನಾಟಕದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆಯು ಆರಂಭವಾಗಿ ಸ್ತ್ರೀಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತ ಮೇಲೆ, ದುಡ್ಡು ಕೊಟ್ಟವರು ನಿಲ್ಲಬೇಕೇ ಎಂಬ ಮಾತು ಕೇಳಿಬಂದಿತು. ಆದರೆ ಟಿಕೆಟ್ಟು ಕೊಂಡವನು ತಾನೂ ರಸ್ತೆಯ ಪೂರ್ಣ ಬೆಲೆಯನ್ನು ತೆತ್ತವನಲ್ಲ. ಸಿಂಗಪುರದ ರೈಲುಮಾರ್ಗವೂ ಚಿಕ್ಕನಾಯಕನಹಳ್ಳಿಯ ರಸ್ತೆಯೂ ಸಮಸ್ತರ ತೆರಿಗೆಯಿಂದಾದವು. ಪರರ ಋಣದ ಮೇಲೆ ಕುಳಿತವನಿಗೆ ಪರರನ್ನು ಹಳಿಯುವ ಅಧಿಕಾರವೆಲ್ಲಿಯದು?

ಜನರನ್ನು ದಾಟಿಸುವುದನ್ನೇ ಕಾಯಕ ಮಾಡಿಕೊಂಡ ಶರಣನೊಬ್ಬನಿದ್ದನು. ಅವನೇ ಅಂಬಿಗರ ಚೌಡಯ್ಯ. ಉಳಿದ ಶರಣರಲ್ಲಿ ಹೆಚ್ಚಿನವರು ಇಷ್ಟದೈವದ ಹೆಸರನ್ನು ವಚನಗಳ ಅಂಕಿತವಾಗಿರಿಸಿದರೆ ಅವನು ಕಾಯಕದೊಡನೆ ಕೂಡಿದ ತನ್ನ ಹೆಸರನ್ನೇ ಇರಿಸಿದನು. ದೋಣಿಯೊಳಗೆ ಮೇಲು ಕೀಳೆಂಬುದು ನಿಲ್ಲದು. ಒಂದು ಬದಿಗೆ ಭಾರವಾದರೆ ಮುಳುಗುವವರು ಎಲ್ಲರೂ. ಬಸ್ಸಿಗೂ ರೈಲಿಗೂ ಈ ನ್ಯಾಯವೇ ಸಲ್ಲುವುದು.

ಪರದೇಶಕ್ಕೆ ಹೋದ ತರುಣನು ಅಲ್ಲಿ ವಿನಯವನ್ನು ಕಲಿತುದು ದಂಡದಿಂದ ಮಾತ್ರವಲ್ಲ; ಅಲ್ಲಿ ಅವನು ಯಾರೂ ಅರಿಯದ ಕಿರಿಯನಾಗಿದ್ದನು. ಊರಿಗೆ ಬಂದೊಡನೆ ಮನೆತನ, ತೋಟ, ಸಂಬಳಗಳು ನೆನಪಾಗಿ ಅವನು ಹಿರಿಯನಾದನು. ನಡತೆಯನ್ನು ಕೆಡಿಸಿದುದು ನೆಲವಲ್ಲ, ಈ ಹಿರಿತನ. ಶರಣರು ಜಂಗಮವನ್ನು ಸ್ಥಾವರಕ್ಕಿಂತ ಹಿರಿದೆಂದರು. ಊರೂರು ಸುತ್ತಿದ ಮಾತ್ರಕ್ಕೆ ಯಾರೂ ಜಂಗಮರಾಗರು. ತನ್ನೂರಿನ ಬಸ್ಸಿನಲ್ಲಿಯೂ ತಾನು ಪರಸ್ಥಳದವನೆಂಬಂತೆ ವಿನಯದಿಂದಲೂ, ಪರದೇಶದ ರೈಲಿನಲ್ಲಿಯೂ ಪಕ್ಕದವನು ತನ್ನವನೆಂಬಂತೆ ಪ್ರೀತಿಯಿಂದಲೂ ಇರಬಲ್ಲವನ ಆಚಾರವು ನೆಲ ಬದಲಾದರೂ ಬದಲಾಗದು. ಅಂಥವನ ಸಂಚಾರವೇ ಸಾರ್ಥಕವಾದುದು.