ಏಕವಿಷಯವ್ರತ

ಭೌತವಿಜ್ಞಾನವನ್ನು ಓದಿ ಮುಗಿಸಿದ ತರುಣನು ಬೆಳಕು, ಉಷ್ಣ, ಪರಮಾಣು, ನಕ್ಷತ್ರ ಎಂಬ ನಾನಾ ದಾರಿಗಳ ಕೂಡಿನಲ್ಲಿ ನಿಂತು, ಅವುಗಳಲ್ಲಿ ಒಂದನ್ನು ಆಯುಷ್ಯಕ್ಕೆಲ್ಲ ವರಿಸಬೇಕಾಗುತ್ತದೆ. ಒಳಹೊಕ್ಕು ನೋಡದೆ ವಿಷಯದ ಸತ್ತ್ವವು ತಿಳಿಯದು. ಒಳಹೊಕ್ಕು ನೋಡುವಷ್ಟರಲ್ಲಿ ಹತ್ತು ವರ್ಷಗಳು ಸಂದಿರುತ್ತವೆ. ಹೀಗೆ ಅರಿಯದೆ ಕೊಟ್ಟ ಮಾತಿಗೆ ಮನುಷ್ಯನು ಎಷ್ಟರಮಟ್ಟಿಗೆ ಕಟ್ಟುಬೀಳಬೇಕು? ನಮ್ಮ ಮನೆಗಳಲ್ಲಿ ಮದುವೆಗಳು ಗೊತ್ತಾಗುತ್ತಿದ್ದ ಕ್ರಮವನ್ನು ಬಲ್ಲವರಿಗೆ ಈ ಪ್ರಶ್ನೆಯು ತೀರ ಹೊಸದಾಗಿ ತೋರಲಾರದು.

ಹಾಲೆಂಡಿನ ಲೈಡನ್ ವಿಶ್ವವಿದ್ಯಾನಿಲಯಕ್ಕೆ 1882ರಲ್ಲಿ ಪ್ರಾಧ್ಯಾಪಕನಾಗಿ ಬಂದ ಕಾಮರ್ಲಿಂಗ್ ಓನ್ನೆಸನು ಶೈತ್ಯವೊಂದನ್ನೇ ಹಿಡಿದನು. ಅನಿಲಗಳನ್ನು ಕುರಿತ ವಾನ್ ಡರ್ ವಾಲ್ಸನ ಸಿದ್ಧಾಂತವನ್ನು ಅತಿಶೈತ್ಯದಲ್ಲಿ ಒರೆಗೆ ಹಚ್ಚಬೇಕೆಂಬುದು ಅವನ ಉದ್ದೇಶ. ಲಂಡನ್ನಿನ ಡ್ಯೂವರನು 1898ರಲ್ಲಿಯೇ ಜಲಜನಕವನ್ನು ದ್ರವವಾಗಿಸಿ ಮುಂದೆ ಹೋದನು. ಓನ್ನೆಸನು ಅಲ್ಲಿಗೆ ಮುಟ್ಟಿದ್ದು 1906ರಲ್ಲಿ. ಅಷ್ಟು ಹಿಂದೆ ಬಿದ್ದವನು ದಾರಿಯನ್ನು ಬದಲಿಸಿದ್ದರೆ ಆಕ್ಷೇಪಿಸುವವರು ಯಾರೂ ಇರುತ್ತಿರಲಿಲ್ಲ. ಅವನು ಬದಲಿಸಲಿಲ್ಲ. 1908ರ ಜುಲೈ 10ರಂದು, ಮೊದಲಿಟ್ಟ ಇಪ್ಪತ್ತಾರನೆಯ ವರ್ಷದಲ್ಲಿ, ಹೀಲಿಯಂ ಅವನ ಗಾಜಿನ ಪಾತ್ರೆಯಲ್ಲಿ ದ್ರವವಾಗಿ ನಿಂತಿತು. ಅದರ ಶೈತ್ಯವು ಸೊನ್ನೆಗಿಂತ ಕೆಳಗೆ 269 ಡಿಗ್ರಿ. ಇನ್ನು ಮೂರು ವರ್ಷಗಳಿಗೆ ಆ ಶೈತ್ಯದಲ್ಲಿಟ್ಟ ಪಾದರಸವು ವಿದ್ಯುತ್ಪ್ರವಾಹವನ್ನು ತಡೆಯುವ ಗುಣವನ್ನೇ ಒಮ್ಮೆಲೆ ಕಳೆದುಕೊಂಡಿತು. ಅವನು ಅರಸಿ ಹೊರಟದ್ದು ಅದನ್ನಲ್ಲ!

ಇದನ್ನು ಕಂಡು ಏಕನಿಷ್ಠೆಯೇ ಧರ್ಮವೆಂದು ತೀರ್ಮಾನಿಸುವುದು ಸುಲಭ. ಆದರೆ ನಮ್ಮವರೇ ಆದ ಸುಬ್ರಹ್ಮಣ್ಯನ್ ಚಂದ್ರಶೇಖರರು ಇದಕ್ಕೆ ವಿರುದ್ಧವಾಗಿ ನಡೆದರು. ಕುಬ್ಜನಕ್ಷತ್ರಗಳ ವಿಷಯದಲ್ಲಿ 1935ರಲ್ಲಿ ಎಡಿಂಗ್ಟನ್ನನು ಸಭೆಯಲ್ಲಿ ಅವರನ್ನು ಖಂಡಿಸಿದನು. ಅವರು 1939ರಲ್ಲಿ ನಕ್ಷತ್ರರಚನೆಯ ಮೇಲೆ ಗ್ರಂಥವನ್ನು ಬರೆದು ಬೇರೆ ವಿಷಯಕ್ಕೆ ತಿರುಗಿದರು. ಅದನ್ನೂ ಗ್ರಂಥದಿಂದ ಮುಗಿಸಿ ಮತ್ತೊಂದಕ್ಕೆ. ಕೃಷ್ಣವಿವರಗಳ ಗಣಿತವನ್ನು ಕುರಿತ ಗ್ರಂಥವು ಹೊರಬಂದ 1983ರಲ್ಲಿ ಅವರಿಗೆ ಎಪ್ಪತ್ತೆರಡು ದಾಟಿತ್ತು. ಇದನ್ನು ಚಾಂಚಲ್ಯವೆನ್ನಲು ನನಗೆ ನಾಲಿಗೆ ಏಳದು. ಬಿಟ್ಟ ಮನೆಯ ಲೆಕ್ಕವನ್ನೆಲ್ಲ ಒಪ್ಪಿಸಿ, ಬೀಗದ ಕೈಯನ್ನು ಬರುವವರಿಗೆ ಕೊಟ್ಟು ಹೊರಟವರು ಅವರು. ಬೇಸರದಿಂದ ಅರ್ಧಕ್ಕೆ ಎದ್ದು ಹೋಗುವವನನ್ನು ಅವರ ಸಾಲಿನಲ್ಲಿ ಕೂರಿಸಲಾಗದು.

ಆದರೂ ನನ್ನ ಮನಸ್ಸು ಲೈಡನ್ನಿನ ಕಡೆಗೇ ವಾಲುತ್ತದೆ. ಕಾರಣವಿಷ್ಟೆ: ಯಂತ್ರ, ಕುಶಲಕರ್ಮಿ, ಶಿಷ್ಯ ಇವರೆಲ್ಲರೂ ಬೇಕಾದ ವಿಷಯವನ್ನು ಒಬ್ಬನು ಬಿಟ್ಟರೆ ಕೆಡುವುದು ಅವನೊಬ್ಬನ ಬದುಕಲ್ಲ. ಆದರೆ ಈ ವಾದದ ಇನ್ನೊಂದು ಮುಖವು ನನ್ನನ್ನು ಕಾಡುತ್ತದೆ. ಗುರುವು ತನ್ನ ಆಯುಷ್ಯವನ್ನು ಒಂದಕ್ಕೆ ಕಟ್ಟಿದಾಗ, ಕೇಳದೆಯೇ ಇತರರ ಆಯುಷ್ಯವನ್ನೂ ಅದಕ್ಕೆ ಕಟ್ಟುತ್ತಾನೆ. ಪಾದರಸದ ಪ್ರಯೋಗದಲ್ಲಿ ವಿದ್ಯುತ್ತನ್ನು ಅಳೆದವನು ಗಿಲೆಸ್ ಹೋಲ್ಸ್ಟ್ ಎಂಬ ಸಹಾಯಕನು. ಆ ಪ್ರಬಂಧದ ಕರ್ತೃವೆಂದು ಅಚ್ಚಾದುದು ಓನ್ನೆಸನ ಹೆಸರೊಂದೇ. ಹೋಲ್ಸ್ಟನು 1914ರಲ್ಲಿ ಶೈತ್ಯವನ್ನು ಬಿಟ್ಟು, ವಿದ್ಯುದ್ದೀಪಗಳನ್ನು ಮಾಡುತ್ತಿದ್ದ ಫಿಲಿಪ್ಸ್ ಕಾರ್ಖಾನೆಯ ಸಂಶೋಧನಾಲಯಕ್ಕೆ ಹೊರಟುಹೋದನು.