ಮೃಗಶಿರಾ ಹುಟ್ಟುವ ವಾರದ ನಿವೇದನೆ

ತಾಯೇ, ಲಕ್ಕೂರಿನ ಕೆಮ್ಮಣ್ಣೇ, ರೋಹಿಣಿ ಮಳೆ ಮುಗಿದು ಮೃಗಶಿರಾ ಹುಟ್ಟುವ ವಾರವಿದು. ಜೂನ್ 4ರಿಂದ 10ರವರೆಗಿನ ಈ ಏಳು ದಿನಗಳಲ್ಲಿ ನಮ್ಮವರು ಆಕಾಶ ನೋಡುತ್ತಾ ಹೊಲ ಹದ ಮಾಡಿಕೊಳ್ಳುತ್ತಾರೆ. ನಾಡು ನೆನೆಯಬೇಕಾದ ಕೆಲವರ ಹುಟ್ಟು, ಕೆಲವರ ಸಾವು ಇದೇ ದಿನಗಳಿಗೆ ಬಂದು ಕೂಡಿವೆ. ಅವರ ಹೆಸರು ಹೇಳುತ್ತೇನೆ. ಅವರು ಕೊಟ್ಟದ್ದನ್ನು ನಾವು ಹೇಗೆ ಇಟ್ಟುಕೊಂಡೆವು ಎಂಬ ಲೆಕ್ಕವನ್ನೂ ನಿನ್ನ ಮುಂದೆ ಇಡುತ್ತೇನೆ. ಕೇಳಿಸಿಕೋ, ತಾಯೇ.

ಮೊದಲು 6ನೇ ತಾರೀಖು. 1891ರ ಜೂನ್ 6ರಂದು ನಮ್ಮ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ ಒಂದು ಗಂಡುಮಗು ಹುಟ್ಟಿತು. 1986ರ ಅದೇ ಜೂನ್ 6ರಂದು, ತೊಂಬತ್ತೈದು ತುಂಬಿದ ದಿನವೇ, ಆ ಜೀವ ಬೆಂಗಳೂರಿನಲ್ಲಿ ಕಣ್ಣು ಮುಚ್ಚಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್. ಲಕ್ಕೂರು ಒಂದು ಹೋಬಳಿಯಾದರೆ ಮಾಸ್ತಿ ಇನ್ನೊಂದು. ಎರಡಕ್ಕೂ ತಾಲ್ಲೂಕು ಕಚೇರಿ ಒಂದೇ. ಮನೆಯೊಳಗೆ ತಮಿಳು, ಬೀದಿಯಲ್ಲಿ ತೆಲುಗು, ಬರೆಯಲು ಕನ್ನಡ ಎನ್ನುವ ಈ ಸೀಮೆಯ ಬಾಳನ್ನೇ ಅವರೂ ಬಾಳಿದರು. ಮೈಸೂರು ಸರ್ಕಾರದಲ್ಲಿ ದೊಡ್ಡ ಅಧಿಕಾರಿಯಾದರು. ಆದರೂ ಅವರ ಕನ್ನಡ ಜಗಲಿಯ ಮೇಲೆ ಕೂತು ಆಡುವ ಮಾತಿನಿಂದ ದೂರ ಸರಿಯಲಿಲ್ಲ. ‘ಶ್ರೀನಿವಾಸ’ ಎಂಬ ಹೆಸರಿನಲ್ಲಿ ಬರೆದ ಕಥೆಗಳಲ್ಲಿ ಗದ್ದಲವಿಲ್ಲ, ಯಾರನ್ನೂ ಹೀಗಳೆಯುವುದಿಲ್ಲ. ಮೊಸರು ಮಾರುವ ಮಂಗಮ್ಮ ಬಂದು ತನ್ನ ಮನೆಯ ಕಷ್ಟ ಹೇಳಿಕೊಂಡರೆ ಕಥೆ ಹೇಳುವವರು ಅವಳ ಮಾತನ್ನು ನಡುವೆ ತಡೆಯದೆ ಪೂರ್ತಿ ಕೇಳುತ್ತಾರೆ. ಸೊಸೆಯ ಮೇಲಿನ ಮುನಿಸು, ಮೊಮ್ಮಗನ ಮೇಲಿನ ಆಸೆ, ಎಲ್ಲಕ್ಕೂ ಅಲ್ಲಿ ಜಾಗ ಸಿಗುತ್ತದೆ. ಬಡವರ ಮನೆಯ ಮಾತಿಗೆ ಆ ಕಿವಿ ಕೊಟ್ಟ ಮರ್ಯಾದೆಯೇ ಮಾಸ್ತಿಯವರ ದೊಡ್ಡತನ ಎಂದು ನಾನು ನಂಬಿದ್ದೇನೆ. ‘ಚಿಕವೀರ ರಾಜೇಂದ್ರ’ ಕಾದಂಬರಿಗೆ 1983ರ ಜ್ಞಾನಪೀಠ ಬಂತು. ಹತ್ತಿರದವರ ಮಾತು ಕೇಳದ ಅರಸನ ಕೈಯಿಂದ ಕೊಡಗು ಜಾರಿಹೋದ ಕಥೆ ಅದು. ನಮ್ಮ ತಾಲ್ಲೂಕಿನಲ್ಲಿ ಹುಟ್ಟಿದವರಿಗೆ ದೇಶದ ದೊಡ್ಡ ಗೌರವ ಬಂತೆಂದು ನಾವು ಹೆಮ್ಮೆಪಡುತ್ತೇವೆ. ಅವರ ಪುಸ್ತಕ ಇರುವ ಮನೆ ನಮ್ಮೂರಲ್ಲಿ ಎಷ್ಟಿವೆ ಎಂದು ನೀನು ಕೇಳಿದರೆ ನನಗೆ ತಲೆ ಎತ್ತಲಾಗುವುದಿಲ್ಲ.

ಅದೇ ಜೂನ್ 6ಕ್ಕೆ ಇನ್ನೊಂದು ಸಾವೂ ಸೇರಿದೆ. 1982ರಲ್ಲಿ ಮಾಜಿ ಮುಖ್ಯಮಂತ್ರಿ ಡಿ. ದೇವರಾಜ ಅರಸು ತೀರಿಕೊಂಡರು. ಆಗ ಅವರ ಕೈಯಲ್ಲಿ ಅಧಿಕಾರವಿರಲಿಲ್ಲ, ಕಟ್ಟಿದ ಪಕ್ಷವೂ ಸೋತಿತ್ತು. ಆದರೆ ತಾಯೇ, ನಿನ್ನನ್ನು ಉತ್ತವರ ಹೆಸರನ್ನು ಪಹಣಿಗೆ ತರಬೇಕೆಂದು ಹಟ ಹಿಡಿದವರು ಅವರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಗೇಣಿದಾರ ನಮೂನೆ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಲ್ಲಬಹುದಿತ್ತು. ಅಲ್ಲಿ ಕೂರುವ ಸದಸ್ಯರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಬೇಕಿತ್ತು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಹೆಬ್ಬೆಟ್ಟಿನವನೂ ಒಡೆಯನ ಎದುರಿಗೆ ನಿಂತು ತನ್ನ ಬಾಯಿಂದಲೇ ಹೇಳಲಿ ಎಂಬ ಆ ಏರ್ಪಾಡು ನನಗೆ ಇಡೀ ಕಾಯ್ದೆಯಲ್ಲೇ ಅತಿ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಅರ್ಜಿ ಹಾಕಲು ಕೊನೆಯ ದಿನ 1979ರ ಜೂನ್ 30.

ಇದರ ಹೆಚ್ಚಿನ ಫಲ ಕರಾವಳಿ, ಮಲೆನಾಡಿನ ಗೇಣಿದಾರರಿಗೆ ಸಿಕ್ಕಿತು. ಬಯಲುಸೀಮೆಯ ನಮಗೆ ಸಿಕ್ಕಿದ್ದು ಕಡಿಮೆ. ಕೂಲಿ ಮಾಡಿ ಬದುಕಿದ ಎಷ್ಟೋ ದಲಿತ ಮನೆಗಳಿಗೆ ತುಂಬಲು ಯಾವ ನಮೂನೆಯೂ ಇರಲಿಲ್ಲ, ಏಕೆಂದರೆ ಅವರು ಗೇಣಿದಾರರೂ ಆಗಿರಲಿಲ್ಲ. ಅದನ್ನೂ ನಿನಗೆ ಮರೆಮಾಚದೆ ಹೇಳಬೇಕು. 2020ರಲ್ಲಿ ಕಾಯ್ದೆಯ 79ಎ, 79ಬಿ ಕಲಮುಗಳು ಹೋದವು; ಬೇಸಾಯ ಮಾಡದವರೂ ನಿನ್ನನ್ನು ಕೊಳ್ಳಬಹುದು ಎಂದಾಯಿತು. ಬೆಂಗಳೂರು ಹತ್ತಿರ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ನಮ್ಮ ತಾಲ್ಲೂಕಿನೊಳಗೇ ಹಾದಿದೆ. ಹೊಲದ ಬದುವಿದ್ದ ಕಡೆ ಸೈಟಿನ ಕಲ್ಲು ನೆಡುವುದಕ್ಕೆ ಹೆಚ್ಚು ಕಾಲ ಬೇಕಿಲ್ಲ.

ನಾಲ್ವಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1884ರ ಜೂನ್ 4. ಅವರು ಪೂರ್ಣ ಅಧಿಕಾರ ವಹಿಸಿಕೊಂಡ 1902ರಲ್ಲೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಬಂತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಕಾವೇರಿಯ ಶಕ್ತಿ ಮೊದಲು ಬಂದದ್ದು ನಮ್ಮ ಜಿಲ್ಲೆಗೆ, ಆದರೆ ನಮ್ಮ ಹಳ್ಳಿಗಳು ಇನ್ನೂ ಎಷ್ಟೋ ಕಾಲ ಕತ್ತಲೆಯಲ್ಲೇ ಇದ್ದವು. 2001ರಲ್ಲಿ ಗಣಿ ಮುಚ್ಚಿತು. ನಿನ್ನ ಹೊಟ್ಟೆ ಬಗೆದು ತೆಗೆದ ಚಿನ್ನ ಹೋಯಿತು, ಸಯನೈಡ್ ದಿಬ್ಬಗಳು ಉಳಿದವು. ಅದೇ ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿ, ಹಿಂದುಳಿದವರಿಗೆ ಸರ್ಕಾರಿ ನೌಕರಿಯ ಬಾಗಿಲು ತೆರೆದರು. ಅದಾಗಿ ಅರ್ಧ ಶತಮಾನ ಕಳೆದ ಮೇಲೆ ಅದೇ ಹಿಂದುಳಿದವರಿಗಾಗಿ ಅರಸು ಹಾವನೂರು ಆಯೋಗವನ್ನು ನೇಮಿಸಿದರು. ಒಂದೇ ವಾರದಲ್ಲಿ ನೆನೆಯುವ ಈ ಇಬ್ಬರನ್ನು ಒಟ್ಟಿಗೆ ನೆನೆಯುವುದೇ ಸರಿ.

5ನೇ ತಾರೀಖು ವಿಶ್ವ ಪರಿಸರ ದಿನ. 1972ರ ಜೂನ್ 5ರಂದು ಸ್ಟಾಕ್‌ಹೋಮಿನಲ್ಲಿ ವಿಶ್ವಸಂಸ್ಥೆಯ ಸಮ್ಮೇಳನ ಶುರುವಾದ ನೆನಪಿಗೆ ಅದು ನಿಂತಿದೆ. ಆ ದಿನ ಶಾಲೆಯ ಮಕ್ಕಳು ನೆಡುವ ಹೊಂಗೆ, ಬೇವಿನ ಸಸಿಗಳನ್ನು ಕಾಪಾಡು. ದೊಡ್ಡವರಾದ ನಾವು ನೆಟ್ಟದ್ದು ನೀಲಗಿರಿ. ಸರ್ಕಾರವೇ 2017ರಲ್ಲಿ ಹೊಸದಾಗಿ ನೆಡಬೇಡಿ ಎನ್ನುವ ಹೊತ್ತಿಗೆ ಅದು ನಿನ್ನ ಒಡಲ ತೇವವನ್ನು ಹೀರಿ ಆಗಿತ್ತು. ಇಟ್ಟಿಗೆಗೂ ಹೆಂಚಿಗೂ ನಿನ್ನ ಜೇಡಿಯನ್ನೇ ಅಗೆದೆವು. ಕೆರೆ ಒಣಗಿದಾಗ ಹೂಳು ತೆಗೆಯದೆ ಕೊಳವೆಬಾವಿ ಕೊರೆಸಿದೆವು, ಸಾವಿರ ಅಡಿಗೂ ನೀರು ಸಿಗದಿದ್ದಾಗ ಇನ್ನೂ ಕೆಳಕ್ಕೆ ಕೊರೆಸಿದೆವು.

2018ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂದು ಬಿತ್ತು. ಕೆರೆ ತುಂಬಿದ್ದು ನಿಜ, ನೊರೆ ಕಂಡು ಜನ ಹೆದರಿದ್ದೂ ನಿಜ, ವಿಷಯ ಕೋರ್ಟು ಹತ್ತಿದ್ದೂ ನಿಜ. ನನ್ನ ಬೇಡಿಕೆ ಇಷ್ಟೇ: ನಿನಗೆ ಕುಡಿಸುವ ನೀರನ್ನು ಮೂರನೇ ಹಂತದವರೆಗೂ ಶುದ್ಧ ಮಾಡುವ ಬುದ್ಧಿಯನ್ನು ಆಳುವವರಿಗೆ ಕೊಡು. ನಂದಿಯ ಕಡೆ ಹುಟ್ಟಿ ನಮ್ಮ ತಾಲ್ಲೂಕಿನ ಪಡುವಣದಲ್ಲಿ ತಮಿಳುನಾಡಿಗೆ ಇಳಿಯುವ ದಕ್ಷಿಣ ಪಿನಾಕಿನಿಗೆ ಬೆಂಗಳೂರಿನ ವರ್ತೂರು ಕೆರೆಯ ಕೊಳಚೆ ಸೇರದಿರಲಿ. 1927ರ ಬೇಸಿಗೆಯಲ್ಲಿ ಕಾಯಿಲೆ ಬಿದ್ದ ಗಾಂಧೀಜಿ, ಆಗ ನಮ್ಮದೇ ಜಿಲ್ಲೆಯಲ್ಲಿದ್ದ ಆ ನಂದಿಬೆಟ್ಟದ ಗಾಳಿಯಲ್ಲಿ ಚೇತರಿಸಿಕೊಂಡು, ಜೂನ್ ಮೊದಲ ವಾರದಲ್ಲಿ ಬೆಂಗಳೂರಿಗೆ ಇಳಿದಿದ್ದರು. ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ರೈಲಿನಿಂದ ಅವರನ್ನು ಇಳಿಸಿದ್ದು 1893ರ ಜೂನ್ 7ರಂದು, ಇದೇ ವಾರ.

9ರಂದು ಬಿರ್ಸಾ ಮುಂಡಾ. ತಮ್ಮ ಜನರ ನೆಲಕ್ಕಾಗಿ ಎದ್ದು 1900ರಲ್ಲಿ ರಾಂಚಿಯ ಸೆರೆಮನೆಯಲ್ಲಿ ಸತ್ತಾಗ ಅವರಿಗಿನ್ನೂ ಇಪ್ಪತ್ತೈದು ತುಂಬಿರಲಿಲ್ಲ. 10ರಂದು, 2019ರಲ್ಲಿ ಹೋದ ನಾಟಕಕಾರ ಗಿರೀಶ ಕಾರ್ನಾಡ್. ಅಂತ್ಯಕ್ರಿಯೆಗೆ ಸರ್ಕಾರಿ ಗೌರವವೂ ಬೇಡವೆಂದು ಹೇಳಿ ಹೋದವರು.

ತಾಯೇ, ನಿನ್ನಲ್ಲಿ ಬೇಡುವುದು ಮಳೆಯನ್ನು. ಮಿಕ್ಕದ್ದನ್ನು ನಾನು ನನ್ನೂರಿನವರಲ್ಲೇ ಬೇಡಬೇಕು. ಅಣ್ಣಂದಿರೇ, ಅಕ್ಕಂದಿರೇ, ಜೂನ್ 6ರ ಸಂಜೆ ಪಂಚಾಯಿತಿಯ ಗ್ರಂಥಾಲಯದಲ್ಲಿ ಸೇರೋಣ. ಓದಲು ಬರುವ ಮಗುವೊಂದು ಮಾಸ್ತಿಯವರ ಒಂದು ಕಥೆಯನ್ನು ಎಲ್ಲರಿಗೂ ಕೇಳುವಂತೆ ಓದಲಿ. ಯಾರ ಮನೆಯ ಪೆಟ್ಟಿಗೆಯಲ್ಲಿ ನ್ಯಾಯಮಂಡಳಿಯ ಹಳೆಯ ತೀರ್ಪಿನ ಕಾಗದವಿದೆಯೋ ಅವರು ಅದನ್ನು ತನ್ನಿ, ಅದರ ಕಥೆ ಹೇಳಿ. ಹೊಲ ಮಾರಲು ಹೊರಟವರು ಕಾಗದಕ್ಕೆ ಸಹಿ ಹಾಕುವ ಮುಂಚೆ ಆ ಸಂಜೆ ಒಮ್ಮೆ ಬಂದು ಕೂತು ಹೋಗಿ.