ಹೊತ್ತವಳಿಗೆ ಸಲ್ಲಬೇಕಾದದ್ದು: ಬಾಡಿಗೆ ತಾಯ್ತನದ ಒಂದು ಮೀಮಾಂಸೆ

ವಿಷಯ

ಎಂಆರ್‌ಕೆಎಚ್ ಎಂಬ ಹುಟ್ಟುಸ್ಥಿತಿಯಲ್ಲಿ ಹೆಣ್ಣಿಗೆ ಗರ್ಭಕೋಶ ಬೆಳೆದಿರುವುದಿಲ್ಲ. ಅಂಡಾಶಯ ಮಾತ್ರ ಎಲ್ಲರಂತೆಯೇ ಕೆಲಸ ಮಾಡುತ್ತಿರುತ್ತದೆ. ಸುಮಾರು 5,000 ಹೆಣ್ಣುಮಕ್ಕಳಲ್ಲಿ ಒಬ್ಬರು ಹೀಗೆ ಹುಟ್ಟುತ್ತಾರೆ. ವಯಸ್ಸಿಗೆ ಬಂದರೂ ಮುಟ್ಟಾಗಲಿಲ್ಲವೆಂದು ಸ್ಕ್ಯಾನ್ ಮಾಡಿಸಿದಾಗಲೇ ಸಂಗತಿ ತಿಳಿಯುವುದು. ಹೆರಿಗೆಯ ರಕ್ತಸ್ರಾವ ನಿಲ್ಲದೆ ಗರ್ಭಕೋಶ ತೆಗೆಸಿಕೊಂಡವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕಳೆದುಕೊಂಡವರು, ಬಸಿರಾದರೆ ಹೃದಯ ತಾಳದು ಎಂದು ವೈದ್ಯರಿಂದ ಕೇಳಿದವರು ಇವರ ಜೊತೆ ಸೇರುತ್ತಾರೆ. ಇವರಲ್ಲಿ ಅನೇಕರ ಅಂಡಾಣುವಿನಿಂದ ಭ್ರೂಣವಾಗಬಲ್ಲದು, ಅದನ್ನು ಹೊರುವ ಒಡಲು ಮಾತ್ರ ಇಲ್ಲ. ಇನ್ನೊಬ್ಬ ಹೆಣ್ಣು ತನ್ನ ಒಡಲಲ್ಲಿ ಆ ಭ್ರೂಣವನ್ನು ಬೆಳೆಸಿ, ಹೆತ್ತು, ಒಪ್ಪಿಸುವುದೇ ಇಲ್ಲಿ ವಿಚಾರಕ್ಕೆ ತೆಗೆದುಕೊಂಡ ಬಾಡಿಗೆ ತಾಯ್ತನ.

ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ನೋಡಬೇಕು. ಅದು ತಿಳಿಯದೆ ಆಡುವ ನ್ಯಾಯದ ಮಾತು ಗಾಳಿಮಾತಾಗುತ್ತದೆ. ಮಗು ಬಯಸುವ ಹೆಣ್ಣಿಗೆ ಹತ್ತು ಹನ್ನೆರಡು ದಿನ ಹಾರ್ಮೋನು ಇಂಜೆಕ್ಷನ್ ಕೊಟ್ಟು ಹಲವು ಅಂಡಾಣುಗಳು ಒಟ್ಟಿಗೆ ಬಲಿಯುವಂತೆ ಮಾಡುತ್ತಾರೆ. ಕೊನೆಯ ಇಂಜೆಕ್ಷನ್ ಆದ ಸುಮಾರು 36 ಗಂಟೆಗೆ, ಮಂಪರು ಕೊಟ್ಟು, ಸೂಜಿಯಿಂದ ಅವನ್ನು ಹೊರತೆಗೆಯುತ್ತಾರೆ. ಪ್ರಯೋಗಾಲಯದಲ್ಲಿ ವೀರ್ಯಾಣುವಿನೊಡನೆ ಕೂಡಿಸಿದ ಭ್ರೂಣ ಐದು ದಿನ ಬೆಳೆಯುತ್ತದೆ. ಆಮೇಲೆ ಅದನ್ನು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ, ಹೆಪ್ಪುಗಟ್ಟಿಸಿ ಇಡಬಹುದು.

ಹೊರುವ ಹೆಣ್ಣಿನ ಪಾಡು ಇದಕ್ಕಿಂತ ದೀರ್ಘ. ರಕ್ತ, ಎಚ್‌ಐವಿ, ಕಾಮಾಲೆಯ ವೈರಾಣು, ಗರ್ಭಕೋಶ, ಮನಸ್ಸು, ಎಲ್ಲದರ ತಪಾಸಣೆ ಆಗಬೇಕು. ಈಸ್ಟ್ರೊಜೆನ್ ಮಾತ್ರೆಯಿಂದ ಗರ್ಭಕೋಶದ ಒಳಪದರ ಏಳೆಂಟು ಮಿಲಿಮೀಟರ್ ದಪ್ಪವಾಗುವವರೆಗೆ ಕಾದು, ಪ್ರೊಜೆಸ್ಟರಾನ್ ಶುರುಮಾಡಿ, ಐದು ದಿನದ ಭ್ರೂಣವನ್ನು ತೆಳುವಾದ ನಳಿಕೆಯಿಂದ ಒಳಗಿಡುತ್ತಾರೆ. ಅದಾದ ಹತ್ತು ಹದಿನಾಲ್ಕು ದಿನಕ್ಕೆ ರಕ್ತಪರೀಕ್ಷೆ. ನಿಂತಿತೆಂದರೆ, ಮಾಸು ತಾನೇ ಹಾರ್ಮೋನು ಒದಗಿಸುವ ತನಕ, ಹತ್ತು ಹನ್ನೆರಡು ವಾರ ಪ್ರೊಜೆಸ್ಟರಾನ್ ನಡೆಯುತ್ತದೆ. ಇಂಜೆಕ್ಷನ್ ಆದರೆ ಸೂಜಿ ಚುಚ್ಚಿದ ಜಾಗ ಗಂಟುಗಟ್ಟಿ ನೋಯುತ್ತದೆ. ನಿಲ್ಲದಿದ್ದರೆ ಮತ್ತೆ ಮೊದಲಿಂದ. ನಮ್ಮ ದೇಶದ ನಿಯಮದಲ್ಲಿ ಒಬ್ಬಳ ಮೇಲೆ ಮೂರಕ್ಕಿಂತ ಹೆಚ್ಚು ಪ್ರಯತ್ನ ಮಾಡುವಂತಿಲ್ಲ. ಒಮ್ಮೆಗೆ ಒಂದೇ ಭ್ರೂಣ, ವಿಶೇಷ ಸಂದರ್ಭದಲ್ಲಿ ಮಾತ್ರ ಮೂರರವರೆಗೆ.

ಕಾಗದದ ದಾರಿಯೂ ಉದ್ದವೇ. 2021ರ ಬಾಡಿಗೆ ತಾಯ್ತನ ನಿಯಂತ್ರಣ ಕಾಯ್ದೆ 2022ರ ಜನವರಿ 25ರಿಂದ ಜಾರಿಯಲ್ಲಿದೆ. ದಂಪತಿಯಲ್ಲಿ ಹೆಂಡತಿಗೆ 23ರಿಂದ 50, ಗಂಡನಿಗೆ 26ರಿಂದ 55 ವರ್ಷ. ವಿಧವೆ ಅಥವಾ ವಿಚ್ಛೇದಿತೆಯಾದರೆ 35ರಿಂದ 45. ಬದುಕಿರುವ ಮಗು ಇರಬಾರದು, ಇದ್ದರೆ ಅದು ಅಂಗವಿಕಲ ಇಲ್ಲವೆ ಪ್ರಾಣಾಂತಕ ಕಾಯಿಲೆಯ ಮಗುವಾಗಿರಬೇಕು. ಜಿಲ್ಲಾ ವೈದ್ಯಕೀಯ ಮಂಡಳಿ ವೈದ್ಯಕೀಯ ಕಾರಣವನ್ನು ಒಪ್ಪಬೇಕು. ದಂಪತಿಯೂ ಹೊರುವವಳೂ ಸೇರಿ ಅರ್ಜಿ ಹಾಕಿ, ಹುಟ್ಟಲಿರುವ ಮಗುವಿನ ಪಾಲಕತ್ವದ ಬಗ್ಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಆದೇಶ ಪಡೆಯಬೇಕು. ಹೊರುವವಳಿಗೆ 25ರಿಂದ 35 ವರ್ಷ. ಮದುವೆಯಾಗಿದ್ದು, ತನ್ನದೊಂದು ಮಗು ಇರಬೇಕು. ಜೀವಮಾನದಲ್ಲಿ ಒಮ್ಮೆ ಮಾತ್ರ ಹೊರಬಹುದು. ತನ್ನ ಅಂಡಾಣು ಕೊಡುವಂತಿಲ್ಲ. ಅವಳ ಹೆಸರಿನಲ್ಲಿ 36 ತಿಂಗಳ ವಿಮೆ ಮಾಡಿಸಬೇಕು. ವೈದ್ಯಕೀಯ ವೆಚ್ಚ, ವಿಮೆ ಮತ್ತು ನಿಯಮ ಹೇಳಿದ ಇತರ ವೆಚ್ಚ ಬಿಟ್ಟು ಒಂದು ರೂಪಾಯಿಯೂ ಅವಳ ಕೈಗೆ ಸೇರುವಂತಿಲ್ಲ. ಹಣಕ್ಕಾಗಿ ಇದನ್ನು ನಡೆಸಿದವರಿಗೆ ಹತ್ತು ವರ್ಷದವರೆಗೆ ಸೆರೆ, ಹತ್ತು ಲಕ್ಷದವರೆಗೆ ದಂಡ.

ಸಂಶಯ

ಇಷ್ಟೆಲ್ಲದರ ನಡುವೆ ಎರಡು ಪ್ರಶ್ನೆಗಳು ಸಿಕ್ಕುಬಿದ್ದಿವೆ. ಮಗು ಯಾರದು ಎಂಬುದು ಒಂದು, ಹೊತ್ತವಳಿಗೆ ಏನು ಸಲ್ಲಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕೊಡನೆ ಎರಡನೆಯದೂ ತೀರಿತೆಂದು ಜನ ತಿಳಿಯುತ್ತಾರೆ, ಕಾಯ್ದೆಯೂ ಬಹುಮಟ್ಟಿಗೆ ಹಾಗೆಯೇ ತಿಳಿದಂತಿದೆ. ನನ್ನ ಪಕ್ಷ ಬೇರೆ. ಮಗು ಬಯಸಿದವರದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹೊತ್ತವಳ ಒಡಲು ಆ ಅವಧಿಯಲ್ಲೂ ಅವಳದೇ, ಮತ್ತು ಹೊತ್ತ ದುಡಿಮೆಗೆ ಅವಳಿಗೆ ಋಣ ಸಂದಾಯವಾಗಲೇಬೇಕು.

ಪೂರ್ವಪಕ್ಷಗಳು, ಉತ್ತರಗಳು

ಮೊದಲ ಆಕ್ಷೇಪ ಹಳೆಯದು. ಬೀಜ ಯಾರದೋ ಫಲ ಅವರದು, ಕ್ಷೇತ್ರಕ್ಕೇನು ಹಕ್ಕು? ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲೇ ಬೀಜಕ್ಷೇತ್ರಗಳ ವಾದ ಇದೆ. ಇಂದಿನ ಮಾತಿನಲ್ಲಿ ಅದು, ಡಿಎನ್‌ಎ ದಂಪತಿಯದು, ಅವಳು ಒಂಬತ್ತು ತಿಂಗಳು ಜಾಗ ಕೊಟ್ಟಳು ಅಷ್ಟೆ, ಎಂದಾಗಿದೆ. ಮಗುವಿನ ಮೇಲಿನ ಹಕ್ಕಿಗೆ ಈ ವಾದ ಸಾಕಾಗಬಹುದು, ಋಣಕ್ಕೆ ಸಾಲದು. ಭ್ರೂಣ ಒಡಲಲ್ಲಿ ಸುಮ್ಮನೆ ಕುಳಿತಿರುವುದಿಲ್ಲ. ಮಾಸಿನ ಮೂಲಕ ಅವಳ ಸುಣ್ಣದಂಶ, ಕಬ್ಬಿಣದಂಶ, ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಅವಳ ಹೃದಯ ಹೆಚ್ಚು ರಕ್ತ ಹಾಯಿಸಬೇಕಾಗುತ್ತದೆ. ಮಗುವಿನ ಕೆಲವು ಜೀವಕೋಶಗಳು ಹೆರಿಗೆಯಾಗಿ ವರ್ಷಗಳಾದರೂ ಅವಳ ದೇಹದಲ್ಲಿ ಉಳಿಯುತ್ತವೆ. ಇದಕ್ಕಿಂತ ಗಂಭೀರವಾದದ್ದು ಅಪಾಯದ ಪ್ರಮಾಣ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಹೆರಿಗೆಗಳನ್ನು ಲೆಕ್ಕ ಹಾಕಿ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಾಯಿಗೆ ತೀವ್ರ ತೊಂದರೆಯಾದದ್ದು ಸಹಜವಾಗಿ ಬಸಿರಾದವರಲ್ಲಿ ಶೇ. 2.3, ಐವಿಎಫ್‌ನಿಂದ ಬಸಿರಾದವರಲ್ಲಿ ಶೇ. 4.3, ಇತರರ ಭ್ರೂಣ ಹೊತ್ತವರಲ್ಲಿ ಶೇ. 7.8. ಅಧಿಕ ರಕ್ತಸ್ರಾವ ಮತ್ತು ರಕ್ತದೊತ್ತಡದ ನಂಜು ಇಂಥ ತೊಂದರೆಗಳಲ್ಲಿ ಮುಖ್ಯವಾದವು. ಭೂಮಿಗೆ ಈ ಅಪಾಯವಿಲ್ಲ. ಹೆಣ್ಣನ್ನು ಕ್ಷೇತ್ರವೆಂದು ಕರೆದ ಮಾತ್ರಕ್ಕೆ ಅಪಾಯ ಇಲ್ಲವಾಗುವುದೂ ಇಲ್ಲ.

ದೇವಕಿಯ ಏಳನೆಯ ಗರ್ಭವನ್ನು ಯೋಗಮಾಯೆ ರೋಹಿಣಿಯ ಒಡಲಿಗೆ ಸೇರಿಸಲಿಲ್ಲವೇ, ಬಲರಾಮ ಹಾಗೆ ಹುಟ್ಟಲಿಲ್ಲವೇ, ನಮ್ಮವರಿಗೆ ಇದು ಹೊಸತೇ ಎಂದು ಕೆಲವರು ಕೇಳುತ್ತಾರೆ. ಕಥೆ ನನಗೂ ಪ್ರಿಯ. ಆದರೆ ರೋಹಿಣಿಯನ್ನು ಯಾರೂ ಕೇಳಲಿಲ್ಲ. ಇಂದು ಕೇಳಲೇಬೇಕು, ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ಎಲ್ಲ ಅಪಾಯಗಳನ್ನೂ ತಿಳಿಸಿ ಬರಹದಲ್ಲಿ ಒಪ್ಪಿಗೆ ಪಡೆಯಬೇಕೆಂದು ಕಾಯ್ದೆಯೂ ಹೇಳುತ್ತದೆ. ಭ್ರೂಣ ಒಳಗಿಡುವ ಕ್ಷಣದವರೆಗೆ ಅವಳು ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಅದರಾಚೆಗೆ ಗರ್ಭ ತೆಗೆಸಬೇಕಾದರೆ ಅವಳ ಲಿಖಿತ ಒಪ್ಪಿಗೆಯ ಜೊತೆಗೆ ಸಕ್ಷಮ ಪ್ರಾಧಿಕಾರದ ಅನುಮತಿಯೂ ಬೇಕು. ಬೇರೆ ಯಾವ ಬಸುರಿಗೂ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಇವಳಿಗೆ ಮಾತ್ರ ಕಚೇರಿಯ ಮೊಹರು ಏಕೆ? ಬಲವಂತದ ಗರ್ಭಪಾತವನ್ನು ತಡೆಯಲೆಂದು ಇಟ್ಟ ಷರತ್ತು ಅವಳ ಸ್ವಂತ ತೀರ್ಮಾನಕ್ಕೂ ಅಡ್ಡ ನಿಲ್ಲುತ್ತದೆ. ಈ ಭಾಗ ತಿದ್ದುಪಡಿಯಾಗಬೇಕು.

ಮುಖ್ಯ ಆಕ್ಷೇಪ ಹಣದ್ದು. ಹಣ ಕೊಟ್ಟರೆ ಬಡ ಹೆಂಗಸರ ಒಡಲು ಮಾರುಕಟ್ಟೆಗೆ ಬೀಳುತ್ತದೆ, ಆದ್ದರಿಂದ ಹಣವೇ ಬೇಡ, ಎನ್ನುತ್ತಾರೆ. ಇದನ್ನು ಹೇಳುವವರ ಕಳಕಳಿಯನ್ನು ನಾನು ಗೌರವಿಸುತ್ತೇನೆ. 2000ದ ದಶಕದಲ್ಲಿ ಗುಜರಾತಿನ ಆನಂದ್ ಮೊದಲಾದ ಕಡೆ ಏನಾಯಿತೆಂಬುದು ದಾಖಲಾಗಿದೆ. ವಿದೇಶದಿಂದ ಬಂದವರಿಗಾಗಿ ಹಳ್ಳಿಯ ಹೆಂಗಸರನ್ನು ತಿಂಗಳುಗಟ್ಟಲೆ ಹಾಸ್ಟೆಲಿನಲ್ಲಿಟ್ಟರು. ಅಲ್ಲಿ 2008ರಲ್ಲಿ ಒಂದು ಮಗು ಹುಟ್ಟುವ ಮೊದಲೇ ಅದನ್ನು ಬಯಸಿದ ಜಪಾನಿ ದಂಪತಿ ವಿಚ್ಛೇದನ ಪಡೆದು, ಮಗುವಿನ ಪಾಲಕತ್ವದ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆ ವ್ಯಾಪಾರ ನಿಂತದ್ದು ಒಳ್ಳೆಯದೇ. ಆದರೆ ಅಲ್ಲಿ ಕೆಟ್ಟದ್ದು ಯಾವುದು? ದಲ್ಲಾಳಿ ಕೆಟ್ಟವನು. ಹಣದ ದೊಡ್ಡ ಪಾಲನ್ನು ಮಗು ಕೈಗೆ ಬರುವ ತನಕ ತಡೆಹಿಡಿದು, ನಡುವೆ ಗರ್ಭ ಹೋದರೆ ಪುಡಿಗಾಸು ಕೊಟ್ಟು ಕಳಿಸಿದ್ದು ಕೆಟ್ಟದ್ದು. ಓದಲಾರದ ಭಾಷೆಯ ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡದ್ದು ಕೆಟ್ಟದ್ದು. ಹೊತ್ತವಳಿಗೆ ಹಣ ಸಿಕ್ಕಿತೆಂಬುದು ಈ ಕೆಡುಕುಗಳ ಸಾಲಿಗೆ ಸೇರುವುದಿಲ್ಲ.

ಈಗ ಏನಾಗಿದೆ? ವೈದ್ಯರು ಶುಲ್ಕ ಪಡೆಯುತ್ತಾರೆ, ಪ್ರಯೋಗಾಲಯ ಪಡೆಯುತ್ತದೆ, ವಕೀಲರು ಪಡೆಯುತ್ತಾರೆ, ವಿಮಾ ಕಂಪನಿ ಕಂತು ಪಡೆಯುತ್ತದೆ. ತ್ಯಾಗ ಮಾಡಬೇಕಾದವಳು ಹೊರುವವಳೊಬ್ಬಳೇ. ಗಾರ್ಮೆಂಟ್ ಕಾರ್ಖಾನೆಯಲ್ಲೋ ಮನೆಗೆಲಸದಲ್ಲೋ ಇರುವವಳು ತಿಂಗಳುಗಳ ಸಂಪಾದನೆ ಕಳೆದುಕೊಂಡರೆ ಅವಳ ಮಗುವಿನ ಶಾಲೆ ಫೀಸು ಯಾರು ಕಟ್ಟುತ್ತಾರೆ? ಇದು ನನ್ನೊಬ್ಬನ ಮಾತಲ್ಲ. 2017ರಲ್ಲಿ ಸಂಸತ್ತಿನ ಆರೋಗ್ಯ ಸ್ಥಾಯಿ ಸಮಿತಿಯೇ, ಕೇವಲ ಪರೋಪಕಾರದ ಮಾದರಿಯನ್ನು ಟೀಕಿಸಿ, ಹೊರುವವಳಿಗೆ ಪರಿಹಾರ ಕೊಡುವ ವ್ಯವಸ್ಥೆ ಬೇಕೆಂದು ಶಿಫಾರಸು ಮಾಡಿತ್ತು. ಸರ್ಕಾರವೇ ಮೊತ್ತ ಗೊತ್ತುಮಾಡಲಿ. ಪ್ರಾಧಿಕಾರದ ಮೂಲಕ ಅವಳ ಖಾತೆಗೇ ತಿಂಗಳು ತಿಂಗಳು ಜಮೆಯಾಗಲಿ. ಗರ್ಭ ನಿಲ್ಲಲಿ ಹೋಗಲಿ, ಅವಳು ಹೊತ್ತ ದಿನಗಳದ್ದು ಅವಳಿಗೆ ಸಲ್ಲಲಿ. ಹಾಗಾದರೆ ಹಣ ಮಗುವಿನ ಬೆಲೆಯಾಗುವುದಿಲ್ಲ, ದುಡಿಮೆಗೂ ನಷ್ಟಕ್ಕೂ ಕೊಟ್ಟ ಪರಿಹಾರವಾಗುತ್ತದೆ.

ಹಣವಿಲ್ಲದೆಯೂ ಪ್ರೀತಿಗೆ ಹೊರುವವರು ಮನೆಯಲ್ಲೇ ಇದ್ದಾರಲ್ಲ ಎಂಬುದು ಮುಂದಿನ ಆಕ್ಷೇಪ. ಇದ್ದಾರೆ. ಅಕ್ಕನಿಗಾಗಿ ತಂಗಿ ಹೊತ್ತರೆ ಅದಕ್ಕಿಂತ ದೊಡ್ಡ ಕೊಡುಗೆ ನನಗೆ ತಿಳಿಯದು. ಆದರೆ ಮನೆಯೊಳಗಿನ ಒತ್ತಡ ಕಾಗದದ ಮೇಲೆ ಕಾಣುವುದಿಲ್ಲ. ಗಂಡನ ಮನೆಯಲ್ಲಿ ಕಿರಿಯ ಸೊಸೆಗೆ ಅತ್ತೆ, "ನಿನ್ನ ಓರಗಿತ್ತಿಗೋಸ್ಕರ ಇಷ್ಟು ಮಾಡಕ್ಕಾಗಲ್ವೇನಮ್ಮ?" ಎಂದರೆ ಅವಳು ಇಲ್ಲವೆನ್ನುವುದು ಹೇಗೆ? ಹತ್ತಿರದ ಬಂಧುವೇ ಆಗಿರಬೇಕೆಂಬ ಷರತ್ತು ಹಿಂದಿನ ಮಸೂದೆಯಲ್ಲಿತ್ತು. ರಾಜ್ಯಸಭೆಯ ಆಯ್ಕೆ ಸಮಿತಿ ಅದನ್ನು ಕೈಬಿಡಿಸಿ, ಒಪ್ಪುವ ಯಾವ ಅರ್ಹ ಹೆಣ್ಣಾದರೂ ಹೊರಬಹುದೆಂದು ಮಾಡಿಸಿತು. ಸರಿಯಾದ ತಿದ್ದುಪಡಿ. ಆದರೆ ಪರಿಹಾರವನ್ನು ನಿಷೇಧಿಸಿದ ಮೇಲೆ ಹೊರಗಿನವಳು ಬರುವುದಾದರೂ ಏಕೆ? ಬಾಗಿಲು ತೆರೆದಂತೆ ಮಾಡಿ ದಾರಿಯನ್ನು ಮತ್ತೆ ಮನೆಯೊಳಗಿನ ಸೊಸೆಯ ಕಡೆಗೇ ತಿರುಗಿಸಿದಂತಾಯಿತು. ಆಪ್ತಸಮಾಲೋಚಕರು ಅವಳನ್ನು ಗಂಡನಾಗಲಿ ಅತ್ತೆಯಾಗಲಿ ಇಲ್ಲದ ಕೋಣೆಯಲ್ಲಿ ಕೂರಿಸಿ ಕೇಳಬೇಕು. ಅವಳು ಬೇಡವೆಂದರೆ ವೈದ್ಯಕೀಯ ಕಾರಣದಿಂದ ಆಗದು ಎಂದಷ್ಟೇ ಮನೆಯವರಿಗೆ ತಿಳಿಸಬೇಕು.

ದತ್ತು ಪಡೆಯಬಹುದಲ್ಲ ಎನ್ನುವವರಿಗೆ ಉತ್ತರ ಚಿಕ್ಕದು. ಪಡೆಯಬಹುದು, ಪಡೆದವರು ಪುಣ್ಯವಂತರು. ತಾನಾಗಿ ಬಸಿರಾಗಬಲ್ಲ ದಂಪತಿಯನ್ನು ಈ ಪ್ರಶ್ನೆ ಕೇಳದವರು ಗರ್ಭಕೋಶವಿಲ್ಲದವಳನ್ನು ಮಾತ್ರ ಕೇಳುವುದು ನ್ಯಾಯವಲ್ಲ.

ಇಷ್ಟೊಂದು ಕಾಗದ ಏಕೆ, ಮಕ್ಕಳಿಲ್ಲದವರ ನೋವಿನ ಮೇಲೆ ಬರೆ ಎಳೆದಂತಲ್ಲವೇ ಎಂಬುದು ಬಯಸುವವರ ಕಡೆಯ ಆಕ್ಷೇಪ. ನೋವು ನಿಜ. 2023ರ ಮಾರ್ಚಿನಲ್ಲಿ ದಾನಿ ಅಂಡಾಣು, ವೀರ್ಯಾಣುಗಳನ್ನು ನಿಷೇಧಿಸಿದಾಗ ಎಷ್ಟೋ ಮಂದಿ ನಡುದಾರಿಯಲ್ಲಿ ನಿಂತರು. 2024ರ ಫೆಬ್ರುವರಿಯಲ್ಲಿ, ಒಂದಾದರೂ ದಂಪತಿಯದೇ ಆಗಿರಬೇಕೆಂಬ ಷರತ್ತಿನೊಡನೆ, ಅದು ಸಡಿಲವಾಯಿತು. ಕಾಯ್ದೆ ಬರುವ ಮೊದಲೇ ಭ್ರೂಣ ಹೆಪ್ಪುಗಟ್ಟಿಸಿ ಇಟ್ಟಿದ್ದವರಿಗೆ ವಯಸ್ಸಿನ ಮಿತಿ ಅನ್ವಯಿಸದೆಂದು ಸುಪ್ರೀಂ ಕೋರ್ಟು 2025ರ ಅಕ್ಟೋಬರಿನಲ್ಲಿ ಹೇಳಿತು; ಆ ಪೀಠದಲ್ಲಿ ನಮ್ಮ ನಾಡಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದರು. ಇವೆಲ್ಲ ಬೇಕಾಗಿದ್ದ ಪರಿಹಾರಗಳು. ಆದರೂ ಮ್ಯಾಜಿಸ್ಟ್ರೇಟರ ಆದೇಶವನ್ನು ಬಿಟ್ಟುಬಿಡಿ ಎನ್ನಲಾರೆ. 2020ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಿಂದ ಕದ್ದ ಹಸುಗೂಸನ್ನು, ಬಾಡಿಗೆ ತಾಯಿ ಹೆತ್ತದ್ದೆಂದು ನಂಬಿಸಿ, ಇನ್ನೊಂದು ಊರಿನ ದಂಪತಿಗೆ ಕೊಟ್ಟ ಪ್ರಕರಣ ಹೈಕೋರ್ಟಿನವರೆಗೂ ಬಂದಿತ್ತು. ಹೆತ್ತವಳೂ ಸಾಕಿದವಳೂ ಇಬ್ಬರೂ ನೊಂದರು. ಹೊರುವವಳು ಯಾರೆಂದು ಮೊದಲೇ ನ್ಯಾಯಾಲಯದ ಮುಂದೆ ನಿಂತು ಹೇಳುವ ಕ್ರಮವಿದ್ದರೆ ಇಂಥ ಮೋಸಕ್ಕೆ ಎಡೆಯಿರುವುದಿಲ್ಲ.

ಸಿದ್ಧಾಂತ

ಮಗು ಬಯಸಿದವರದು, ಹುಟ್ಟಿದೊಡನೆ ಅದಕ್ಕೆ ಸ್ವಂತ ಮಗುವಿನ ಎಲ್ಲ ಹಕ್ಕುಗಳೂ ಇವೆ, ಯಾವ ಕುಂದಿದ್ದರೂ ಅವರು ಅದನ್ನು ಬಿಟ್ಟುಹೋಗುವಂತಿಲ್ಲ. ಕಾಯ್ದೆಯ ಈ ಭಾಗ ಗಟ್ಟಿಯಾಗಿದೆ. ಹೊತ್ತವಳ ಭಾಗ ಅರ್ಧಕ್ಕೆ ನಿಂತಿದೆ. ಮಗು ಒಪ್ಪಿಸಿದ ಮೇಲೂ ಅವಳಿಗೆ ಹಾಲು ಬರುತ್ತದೆ, ಮೊಲೆ ಕಟ್ಟುತ್ತದೆ, ಹೊಲಿಗೆ ನೋಯುತ್ತದೆ; ಬಾಣಂತಿಯ ಆರೈಕೆ ಅವಳಿಗೂ ಬೇಕು. 2024ರ ಜೂನ್‌ನಿಂದ ಕೇಂದ್ರ ಸರ್ಕಾರಿ ನೌಕರಿಯಲ್ಲಿರುವ ಹೊತ್ತ ತಾಯಿಗೂ ಬಯಸಿದ ತಾಯಿಗೂ 180 ದಿನಗಳ ರಜೆ, ತಂದೆಗೆ 15 ದಿನ ಸಿಗುವಂತಾಗಿದೆ. ಖಾತ್ರಿ ನೌಕರಿಯಿಲ್ಲದವಳಿಗೆ ಇದರಿಂದ ಏನೂ ದಕ್ಕುವುದಿಲ್ಲ, ಪರಿಹಾರದ ಹಣವೊಂದೇ ಅವಳಿಗೆ ರಜೆ. 36 ತಿಂಗಳ ವಿಮೆ ಈಗಲೂ ಅವಳ ಹಕ್ಕು. ಅದರ ಮೂಲಪ್ರತಿ ಕ್ಲಿನಿಕ್ಕಿನ ಕಡತದಲ್ಲಲ್ಲ, ಅವಳ ಮನೆಯಲ್ಲಿರಬೇಕು. ಭ್ರೂಣ ಒಳಗಿಡುವ ದಿನಕ್ಕೆ ಮೊದಲೇ ಅದು ಅವಳ ಕೈ ಸೇರಿದೆಯೇ ಎಂದು ಮಗು ಬಯಸುವ ದಂಪತಿ ತಾವೇ ಕೇಳಿ ಖಚಿತಪಡಿಸಿಕೊಳ್ಳಬಹುದು, ಅದಕ್ಕೆ ಯಾವ ತಿದ್ದುಪಡಿಗೂ ಕಾಯಬೇಕಿಲ್ಲ.